ಹಳೆಯ ಪಿಕಪ್ಪಿಗೆ ಹೊಂದುವ ಫೆಂಡರ್ ಯಾವುದು?

ಇಂದಿನ ಮಾತನ್ನು ಒಂದು ಒಗಟಿನಿಂದ ಆರಂಭಿಸೋಣ. ಅಮೆರಿಕದ ಉತ್ತರ ಭಾಗದ ಒಬ್ಬ ರೈತನ ಬಳಿ 1982ರ ಷೆವರ್ಲೆ ಪಿಕಪ್ ವಾಹನ ಇದೆ ಎಂದುಕೊಳ್ಳಿ. ಮುಂದೆ ಚಾಲಕನ ಕೋಣೆ, ಹಿಂದೆ ಸರಕು ತುಂಬುವ ತೆರೆದ ತೊಟ್ಟಿ, ಇಷ್ಟೇ ಅದರ ರೂಪ. ಎಂಜಿನ್ ಚೆನ್ನಾಗಿದೆ. ಆದರೆ ಮುಂದಿನ ಚಕ್ರವನ್ನು ಮುಚ್ಚುವ ಎಡಗಡೆಯ ತಗಡು, ಅಂದರೆ ಫೆಂಡರ್, ತುಕ್ಕು ಹಿಡಿದು ಉದುರಿಹೋಗಿದೆ. ರೈತ ಹಳೆಯ ವಾಹನಗಳನ್ನು ಬಿಡಿಬಿಡಿಯಾಗಿ ಮಾರುವ ಗುಜರಿ ಅಂಗಳಕ್ಕೆ ಹೋಗುತ್ತಾನೆ. ಅಲ್ಲಿ ಅದೇ ಕಂಪನಿಯ ಮೂರು ವಾಹನಗಳು ನಿಂತಿವೆ. ಒಂದು 1979ರ ಪಿಕಪ್. ಇನ್ನೊಂದು 1988ರ ಹೊಸ ಮಾದರಿಯ ಪಿಕಪ್. ಮೂರನೆಯದು ಪಿಕಪ್ಪೇ ಅಲ್ಲ, 1990ರ ಸಬರ್ಬನ್, ಎಂಟೊಂಬತ್ತು ಜನ ಕೂರುವ ದೊಡ್ಡ ವಾಹನ. ಇವುಗಳಲ್ಲಿ ಯಾವುದರ ಫೆಂಡರ್ ಅವನ ವಾಹನಕ್ಕೆ ಹೊಂದುತ್ತದೆ?

ನಿಮ್ಮಲ್ಲಿ ಹೆಚ್ಚಿನವರು 1979ರ ಪಿಕಪ್ ಎನ್ನುತ್ತೀರಿ. ಹೆಸರು ಒಂದೇ, ಜಾತಿ ಒಂದೇ, ವಯಸ್ಸಿನಲ್ಲಿ ಮೂರೇ ವರ್ಷದ ಅಂತರ. ಆದರೆ ಸರಿಯಾದ ಉತ್ತರ 1990ರ ಸಬರ್ಬನ್. ಹೆಸರು ಬೇರೆ, ರೂಪ ಬೇರೆ, ವಯಸ್ಸಿನಲ್ಲಿ ಎಂಟು ವರ್ಷದ ಅಂತರ. ಆದರೂ ಅದರ ಫೆಂಡರ್ ಬಿಚ್ಚಿ ತಂದರೆ ಬೋಲ್ಟುಗಳು ಅದೇ ತೂತುಗಳಲ್ಲಿ ಕೂರುತ್ತವೆ. ಇದು ಹೇಗೆ ಸಾಧ್ಯ? ಈ ಪ್ರಶ್ನೆಯ ಹಿಂದೆ ಎಂಜಿನಿಯರಿಂಗ್ ಇದೆ, ಇತಿಹಾಸ ಇದೆ, ಅರ್ಥಶಾಸ್ತ್ರ ಇದೆ. ಒಬ್ಬ ದುಡಿಯುವ ಮನುಷ್ಯನ ಹೊಟ್ಟೆಪಾಡೂ ಇದೆ. ಒಂದೊಂದಾಗಿ ನೋಡೋಣ.

ಮೊದಲು ಅರ್ಥಶಾಸ್ತ್ರ. ವಾಹನದ ಫೆಂಡರನ್ನಾಗಲಿ ಬಾಗಿಲನ್ನಾಗಲಿ ಕಾರ್ಖಾನೆಯಲ್ಲಿ ಕೈಯಿಂದ ಬಡಿದು ಮಾಡುವುದಿಲ್ಲ. ಉಕ್ಕಿನ ತೆಳು ಹಾಳೆಯನ್ನು ಎರಡು ಭಾರೀ ಅಚ್ಚುಗಳ ನಡುವೆ ಇಟ್ಟು ದೈತ್ಯ ಪ್ರೆಸ್ಸಿನಿಂದ ಒತ್ತುತ್ತಾರೆ. ಒಂದು ಒತ್ತಿಗೆ ಹಾಳೆ ಬಾಗುತ್ತದೆ, ಇನ್ನೊಂದಕ್ಕೆ ಅಂಚು ಕತ್ತರಿಸುತ್ತದೆ, ಮತ್ತೊಂದಕ್ಕೆ ತೂತು ಬೀಳುತ್ತದೆ. ಹಾಳೆಗೆ ಬೆಲೆ ಕಡಿಮೆ. ಅಚ್ಚಿಗೆ ಬೆಲೆ ಬಹಳ. ಹೀಗಿರುವಾಗ ಜಾಣ ತಯಾರಕ ಏನು ಮಾಡುತ್ತಾನೆ? ನಮ್ಮ ಮನೆಗಳಲ್ಲಿ ಚಕ್ಕುಲಿ ಒರಳು ಒಂದೇ ಇರುತ್ತದೆ. ಬಿಲ್ಲೆ ಬದಲಾಯಿಸಿ ಚಕ್ಕುಲಿ, ಶಾವಿಗೆ, ಖಾರಾಸೇವೆ ಎಲ್ಲವನ್ನೂ ಒತ್ತುತ್ತೇವೆ. ಹಾಗೆಯೇ ತಯಾರಕನು ಒಂದು ಅಚ್ಚಿನಿಂದ ಬಂದ ತಗಡನ್ನು ಸಾಧ್ಯವಾದಷ್ಟು ಹೆಚ್ಚು ವಾಹನಗಳಿಗೆ, ಸಾಧ್ಯವಾದಷ್ಟು ಹೆಚ್ಚು ವರ್ಷ ಬಳಸುತ್ತಾನೆ. ಭಾಗಗಳು ಒಂದಕ್ಕೊಂದು ಹೊಂದುವುದು ಕಂಪನಿಯ ಔದಾರ್ಯದಿಂದಲ್ಲ, ಅದರ ಲೆಕ್ಕಾಚಾರದಿಂದ. ಆ ಲೆಕ್ಕಾಚಾರ ನಮಗೆ ಅರ್ಥವಾದರೆ, ಯಾವುದು ಯಾವುದಕ್ಕೆ ಹೊಂದುತ್ತದೆ ಎಂದು ನಾವೂ ಊಹಿಸಬಹುದು.

ಈಗ ನಮ್ಮ ಪಿಕಪ್ಪಿಗೆ ಬರೋಣ. ಜನರಲ್ ಮೋಟಾರ್ಸ್ ಸಂಸ್ಥೆ 1973ರ ಮಾದರಿಯಾಗಿ ಹೊಸ ಪಿಕಪ್ಪನ್ನು ಮಾರುಕಟ್ಟೆಗೆ ತಂದಿತು. ಅದನ್ನು ಷೆವರ್ಲೆ ಎಂಬ ಹೆಸರಿನಲ್ಲೂ ಜಿಎಂಸಿ ಎಂಬ ಹೆಸರಿನಲ್ಲೂ ಮಾರಿತು. ಅದರ ನೇರ ಗೆರೆಗಳನ್ನು ಕಂಡು ಜನ ಮುಂದೆ ಇದನ್ನು ಸ್ಕ್ವೇರ್ ಬಾಡಿ, ಅಂದರೆ ಚೌಕ ಮೈಯ ವಾಹನ ಎಂದು ಕರೆದರು. ಈ ಪೀಳಿಗೆ 1987ರವರೆಗೆ ನಡೆಯಿತು. 1988ಕ್ಕೆ ಪೂರ್ತಿ ಹೊಸ ಮೈಯ ಪಿಕಪ್ ಬಂತು. ಹಾಗಾಗಿ ಒಗಟಿನ 1988ರ ವಾಹನ ಮೊದಲೇ ಹೊರಗುಳಿಯಿತು.

ಆದರೆ ಇಲ್ಲೊಂದು ತಿರುವಿದೆ. ಪಿಕಪ್ಪಿನ ಮುಂಭಾಗವನ್ನೇ ಹೊತ್ತಿದ್ದ ಸಬರ್ಬನ್ ಮತ್ತು ಬ್ಲೇಜರ್ ಎಂಬ ಅದರ ಸೋದರ ವಾಹನಗಳನ್ನು ಕಂಪನಿ ಆಗ ಬದಲಾಯಿಸಲಿಲ್ಲ. ಅವು 1991ರವರೆಗೆ ಹಳೆಯ ಮೈಯಲ್ಲೇ ಮುಂದುವರಿದವು. ಇನ್ನೊಂದು ತಿರುವು 1981ರಲ್ಲಿದೆ. ಆ ವರ್ಷ ಚಾಲಕನ ಕೋಣೆ ಹಾಗೆಯೇ ಉಳಿದು, ಅದರ ಮುಂದಿನ ಬಾನೆಟ್, ಫೆಂಡರ್, ಗ್ರಿಲ್, ಬಂಪರ್ ಎಲ್ಲಕ್ಕೂ ಹೊಸ ರೂಪ ಬಂತು. ಆದ್ದರಿಂದ ಮುಂಭಾಗದ ಮಟ್ಟಿಗೆ 1973ರಿಂದ 1980 ಒಂದು ಯುಗ, 1981ರಿಂದ 1991 ಇನ್ನೊಂದು ಯುಗ. ನಮ್ಮ ರೈತನ 1982ರ ಪಿಕಪ್ ಮತ್ತು ಗುಜರಿಯ 1990ರ ಸಬರ್ಬನ್ ಒಂದೇ ಯುಗಕ್ಕೆ ಸೇರಿದವು. 1979ರ ಪಿಕಪ್ ಗಡಿಯ ಆಚೆಯದು. ಒಗಟು ಬಿಡಿಸಿತಲ್ಲವೇ?

ಇದರಿಂದ ಒಂದು ಸೂತ್ರ ಹೊರಡುತ್ತದೆ. ಹೆಸರನ್ನು ನೋಡಬೇಡಿ, ವರ್ಷವನ್ನಷ್ಟೇ ನೋಡಬೇಡಿ. ಅಚ್ಚು ಯಾವಾಗ ಬದಲಾಯಿತು ಎಂದು ನೋಡಿ.

ಈ ಸೂತ್ರವನ್ನು ಬಳಸುವಾಗ ಭಾಗಗಳನ್ನು ನಾಲ್ಕು ಗುಂಪು ಮಾಡಿಕೊಳ್ಳುವುದು ಒಳ್ಳೆಯದು.

ಮೊದಲನೆಯ ಗುಂಪು, ಹಾಗೆಯೇ ಹೊಂದುವಂಥವು. ಒಂದೇ ಯುಗದ ಷೆವರ್ಲೆಯ ಫೆಂಡರ್ ಮತ್ತು ಜಿಎಂಸಿಯ ಫೆಂಡರ್ ಮೂಲದಲ್ಲಿ ಒಂದೇ. ಹೆಸರಿನ ಲಾಂಛನ ಕೂರಿಸುವ ಸಣ್ಣ ತೂತುಗಳಲ್ಲಿ ವ್ಯತ್ಯಾಸ ಇರಬಹುದು. ಅದನ್ನು ಬಣ್ಣದ ಅಂಗಡಿಯವನು ಮುಚ್ಚಬಲ್ಲ.

ಎರಡನೆಯ ಗುಂಪು, ಹೊರಗೆ ಹೊಂದಿ ಒಳಗೆ ಹೊಂದದಂಥವು. ಬಾಗಿಲು ಇದಕ್ಕೆ ಒಳ್ಳೆಯ ಉದಾಹರಣೆ. ಚಾಲಕನ ಕೋಣೆ ಬದಲಾಗದ ಕಾರಣ ಬಾಗಿಲಿನ ಚೌಕಟ್ಟೂ ಬದಲಾಗಲಿಲ್ಲ. ಆದರೆ 1977ರಲ್ಲಿ ಬಾಗಿಲಿನ ಒಳಮೈಯ ವಿನ್ಯಾಸ ಬದಲಾಯಿತು. ಹಳೆಯ ವಾಹನಕ್ಕೆ ಹೊಸ ಬಾಗಿಲು ಹಾಕಿದರೆ ಹೊರಗಿನಿಂದ ಸರಿಯಾಗಿ ಕಾಣಬಹುದು; ಒಳಗಿನ ಹೊದಿಕೆಯನ್ನು ತಿರುಪಿನಿಂದ ಬಿಗಿಯಲು ಹೋದಾಗ ತೂತುಗಳು ಸೇರುವುದಿಲ್ಲ. ಬಾಗಿಲು ಕೊಳ್ಳುವವನು ಒಳ ಹೊದಿಕೆಯನ್ನೂ ಅದರೊಡನೆ ಕೊಳ್ಳುವುದು ಜಾಣತನ.

ಮೂರನೆಯ ಗುಂಪು, ಒಂಟಿಯಾಗಿ ಹೊಂದದೆ ಕುಟುಂಬ ಸಮೇತ ಹೊಂದುವಂಥವು. 1979ರ ಪಿಕಪ್ಪಿಗೆ 1982ರ ಬಾನೆಟ್ ಮಾತ್ರ ಹಾಕಿದರೆ ಪಕ್ಕದ ಫೆಂಡರಿನ ಅಂಚಿನೊಡನೆ ಗೆರೆ ಕೂಡುವುದಿಲ್ಲ. ಆದರೆ ಬಾನೆಟ್, ಎರಡೂ ಫೆಂಡರ್, ಗ್ರಿಲ್, ಬಂಪರ್ ಮತ್ತು ರೇಡಿಯೇಟರನ್ನು ಹಿಡಿದು ನಿಲ್ಲಿಸುವ ಚೌಕಟ್ಟು, ಇಷ್ಟನ್ನೂ ಒಟ್ಟಾಗಿ ತಂದರೆ ಇಡೀ ಮುಂಭಾಗ ಹಳೆಯ ಕೋಣೆಗೆ ಸೇರಿಕೊಳ್ಳುತ್ತದೆ. ಕಾರಣ, ಕೋಣೆಯ ಕಡೆಯ ಬೋಲ್ಟುಗಳ ಜಾಗ ಬದಲಾಗಿರಲಿಲ್ಲ.

ನಾಲ್ಕನೆಯ ಗುಂಪು, ಹೊಂದುವಂತೆ ಕಂಡು ಹೊಂದದಂಥವು. ಹಿಂದಿನ ಸರಕಿನ ತೊಟ್ಟಿಯನ್ನು ನೋಡಿ. ಈ ಪಿಕಪ್ಪಿನಲ್ಲಿ ಕೋಣೆ ಬೇರೆ, ತೊಟ್ಟಿ ಬೇರೆ. ಎರಡೂ ಕೆಳಗಿನ ಉಕ್ಕಿನ ಚಾಸಿಯ ಮೇಲೆ ಬೋಲ್ಟಿನಿಂದ ಕುಳಿತಿರುತ್ತವೆ. ಹಾಗಾಗಿ ತೊಟ್ಟಿ ಬದಲಾಯಿಸುವುದು ಸುಲಭ ಎನಿಸುತ್ತದೆ. ಆದರೆ ತೊಟ್ಟಿಯಲ್ಲಿ ಎರಡು ಉದ್ದಗಳಿದ್ದವು, ಆರೂವರೆ ಅಡಿ ಮತ್ತು ಎಂಟು ಅಡಿ. ಅದಕ್ಕೆ ತಕ್ಕಂತೆ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರವೂ 117.5 ಅಂಗುಲ ಮತ್ತು 131.5 ಅಂಗುಲ ಎಂದು ಬೇರೆಬೇರೆ. ಗಿಡ್ಡ ವಾಹನಕ್ಕೆ ಉದ್ದದ ತೊಟ್ಟಿ ಇಟ್ಟರೆ ಚಕ್ರ ಒಂದು ಕಡೆ, ಚಕ್ರಕ್ಕಾಗಿ ಕತ್ತರಿಸಿದ ಕಮಾನು ಇನ್ನೊಂದು ಕಡೆ! ಇದಲ್ಲದೆ ಒಂದು ಇಂಧನ ಟ್ಯಾಂಕಿನ ವಾಹನಕ್ಕೆ ತೊಟ್ಟಿಯ ಒಂದು ಬದಿಯಲ್ಲಿ ಮಾತ್ರ ಇಂಧನ ತುಂಬುವ ಬಾಯಿ ಇರುತ್ತದೆ, ಎರಡು ಟ್ಯಾಂಕಿನ ವಾಹನಕ್ಕೆ ಎರಡೂ ಬದಿಯಲ್ಲಿ.

ವಾಹನ ಯಾವ ವರ್ಷದ್ದು ಎಂದು ತಿಳಿಯುವುದು ಹೇಗೆ? ಮಾರುವವನ ಮಾತನ್ನೇ ನಂಬಬೇಕೆ? ಬೇಕಿಲ್ಲ. ಅಮೆರಿಕದಲ್ಲಿ 1981ರ ಮಾದರಿಯಿಂದ ಪ್ರತಿ ವಾಹನಕ್ಕೂ 17 ಅಕ್ಷರ ಮತ್ತು ಅಂಕಿಗಳ ಗುರುತಿನ ಸಂಖ್ಯೆ ಕಡ್ಡಾಯವಾಯಿತು. ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳನ್ನು ಅದರಲ್ಲಿ ಬಳಸುವುದಿಲ್ಲ. ಅವು ಒಂದು ಮತ್ತು ಸೊನ್ನೆಯಂತೆ ಕಂಡು ಗೊಂದಲ ಮಾಡುತ್ತವೆ. ಈ ಸಂಖ್ಯೆಯ ಹತ್ತನೆಯ ಸ್ಥಾನ ಮಾದರಿಯ ವರ್ಷವನ್ನು ಹೇಳುತ್ತದೆ. 1981ಕ್ಕೆ ಬಿ, 1982ಕ್ಕೆ ಸಿ, 1983ಕ್ಕೆ ಡಿ, ಹೀಗೆ ಸಾಗಿ 1987ಕ್ಕೆ ಎಚ್. ಮುಂದೆ ಐ ಬಿಟ್ಟು 1988ಕ್ಕೆ ಜೆ. ಹಾಗಾದರೆ 1990ಕ್ಕೆ ಯಾವ ಅಕ್ಷರ? ನೀವೇ ಲೆಕ್ಕ ಹಾಕಿ. ಎಲ್ ಎಂದು ಬಂದರೆ ನಿಮ್ಮ ಉತ್ತರ ಸರಿ. ಒಂದು ಎಚ್ಚರಿಕೆ: ಮಾದರಿಯ ವರ್ಷ ಬೇರೆ, ತಯಾರಾದ ವರ್ಷ ಬೇರೆ. ಒಂದು ವರ್ಷದ ಮಾದರಿಯ ತಯಾರಿಕೆ ಸಾಮಾನ್ಯವಾಗಿ ಹಿಂದಿನ ವರ್ಷದಲ್ಲೇ ಆರಂಭವಾಗುತ್ತದೆ. 1980ರ ಅಕ್ಟೋಬರಿನಲ್ಲಿ ತಯಾರಾದ ಪಿಕಪ್ 1981ರ ಹೊಸ ಮುಖವನ್ನೇ ಹೊತ್ತಿರಬಹುದು.

ಎಡ, ಬಲ ಎಂಬ ಮಾತಿನಲ್ಲೂ ಎಚ್ಚರ ಬೇಕು. ವಾಹನದ ಎದುರು ನಿಂತು ನೋಡಿದಾಗ ನಮ್ಮ ಎಡಕ್ಕೆ ಕಾಣುವುದು ಅದರ ಬಲಭಾಗ. ಆದ್ದರಿಂದ ಬಿಡಿಭಾಗದ ವ್ಯಾಪಾರದಲ್ಲಿ ಎಡಬಲಗಳನ್ನು ಯಾವಾಗಲೂ ಒಳಗೆ ಕುಳಿತ ಚಾಲಕನ ಕಡೆಯಿಂದ ಹೇಳುತ್ತಾರೆ.

ಅಮೆರಿಕದ ಗುಜರಿ ವ್ಯಾಪಾರಿಗಳು ಇಂಥ ವಿವರಗಳನ್ನೆಲ್ಲ ಬಾಯಿಪಾಠ ಮಾಡುವುದಿಲ್ಲ. ಯಾವ ಭಾಗ ಯಾವ ವಾಹನಗಳಿಗೆ ಹೊಂದುತ್ತದೆ ಎಂದು ಪಟ್ಟಿ ಮಾಡಿದ ಹಾಲೆಂಡರ್ ಎಂಬ ಕೈಪಿಡಿಗಳು ಅಲ್ಲಿ ದಶಕಗಳಿಂದ ಬಳಕೆಯಲ್ಲಿವೆ. ಹೊಂದುವ ಭಾಗಗಳಿಗೆಲ್ಲ ಒಂದೇ ಸಂಖ್ಯೆ ಕೊಡುವುದು ಅದರ ಕ್ರಮ. ಆ ಸಂಖ್ಯೆ ಗೊತ್ತಾದರೆ ಹೆಸರಿನ ಗೊಡವೆ ಬೇಕಿಲ್ಲ.

ಹೊಂದುವ ಭಾಗ ಸಿಕ್ಕಿದ ಮಾತ್ರಕ್ಕೆ ಕೆಲಸ ಮುಗಿಯಿತೆ? ಇಲ್ಲ. ಅದು ಗಟ್ಟಿಯಾಗಿರಬೇಕು. ಅಮೆರಿಕದ ಉತ್ತರದಲ್ಲಿ ಚಳಿಗಾಲದಲ್ಲಿ ರಸ್ತೆಯ ಮೇಲೆ ಹಿಮ ಗಟ್ಟದಂತೆ ಉಪ್ಪು ಚೆಲ್ಲುತ್ತಾರೆ. ಉಪ್ಪು ಬೆರೆತ ನೀರು ಶುದ್ಧ ನೀರಿಗಿಂತ ಕಡಿಮೆ ಉಷ್ಣತೆಯಲ್ಲಿ ಹೆಪ್ಪುಗಟ್ಟುತ್ತದೆ ಎಂದು ನೀವು ರಸಾಯನಶಾಸ್ತ್ರದಲ್ಲಿ ಓದಿದ್ದೀರಿ. ಅದೇ ಉಪ್ಪುನೀರು ವಿದ್ಯುತ್ತನ್ನು ಚೆನ್ನಾಗಿ ಹರಿಸುವುದರಿಂದ ಉಕ್ಕಿನ ತುಕ್ಕನ್ನೂ ತೀವ್ರಗೊಳಿಸುತ್ತದೆ. ಚಕ್ರದ ಕಮಾನು, ಬಾಗಿಲಿನ ಕೆಳಗಿನ ಅಂಚು, ಕೋಣೆಯ ಹಿಂದಿನ ಮೂಲೆಗಳು, ಎಲ್ಲೆಲ್ಲಿ ಕೆಸರು ನಿಲ್ಲುತ್ತದೋ ಅಲ್ಲಲ್ಲಿ ಮೊದಲು ತಿನ್ನುತ್ತದೆ. ಹೀಗಾಗಿ ಉತ್ತರದವರು ಅರಿಜೋನಾದಂಥ ಒಣ ಮರುಭೂಮಿ ರಾಜ್ಯಗಳ ತಗಡಿಗೆ ಹೆಚ್ಚು ಬೆಲೆ ಕೊಡುತ್ತಾರೆ. ಬಿಸಿಲಿಗೆ ಅಲ್ಲಿ ಬಣ್ಣ ಮಾಸಿರುತ್ತದೆ, ಉಕ್ಕು ಉಳಿದಿರುತ್ತದೆ.

ತಗಡನ್ನು ಪರೀಕ್ಷಿಸಲು ದೊಡ್ಡ ಯಂತ್ರ ಬೇಕಿಲ್ಲ. ಒಂದು ಸಣ್ಣ ಅಯಸ್ಕಾಂತ ಸಾಕು. ಒಳ್ಳೆಯ ಉಕ್ಕಿಗೆ ಅದು ಗಟ್ಟಿಯಾಗಿ ಅಂಟುತ್ತದೆ. ತುಕ್ಕಿನ ತೂತಿಗೆ ಲಪ್ಪ ಮೆತ್ತಿ ಮೇಲೆ ಬಣ್ಣ ಬಳಿದಿದ್ದರೆ ಅಲ್ಲಿ ಸಡಿಲವಾಗಿ ಜಾರುತ್ತದೆ. ಇನ್ನು ಅಳತೆಪಟ್ಟಿ. ತೂತಿನ ನಡುವಿನಿಂದ ಇನ್ನೊಂದು ತೂತಿನ ನಡುವಿಗೆ ಎಷ್ಟು? ಎದುರುಬದುರು ಮೂಲೆಗಳ ನಡುವಿನ ಎರಡು ಕರ್ಣಗಳು ಸಮವೇ? ಆಯತದ ಕರ್ಣಗಳು ಸಮ ಎಂಬ ಹೈಸ್ಕೂಲಿನ ಪ್ರಮೇಯ ಇಲ್ಲಿ ಕೆಲಸಕ್ಕೆ ಬರುತ್ತದೆ. ಸಮವಿಲ್ಲದಿದ್ದರೆ ಆ ತೊಟ್ಟಿ ಅಪಘಾತದಲ್ಲಿ ಸೊಟ್ಟಗಾಗಿದೆ ಎಂದು ಅನುಮಾನಿಸಬೇಕು.

ಈಗ ಇತಿಹಾಸಕ್ಕೆ ಬರೋಣ. ಒಂದರ ಭಾಗ ಇನ್ನೊಂದಕ್ಕೆ ಹೊಂದಬೇಕೆಂಬುದು ನಮಗೆ ಸಹಜ ಎನಿಸುತ್ತದೆ. ಆದರೆ ಮಾನವನ ಇತಿಹಾಸದ ಬಹುಕಾಲ ಅದು ಸಹಜವಾಗಿರಲಿಲ್ಲ. ಕಮ್ಮಾರ ಮಾಡಿದ ಬೀಗಕ್ಕೆ ಅದೇ ಕಮ್ಮಾರ ಮಾಡಿದ ಇನ್ನೊಂದು ಬೀಗದ ಕೊಂಡಿ ಸೇರುತ್ತಿರಲಿಲ್ಲ. 1785ರಲ್ಲಿ ಫ್ರಾನ್ಸಿನಲ್ಲಿ ಅಮೆರಿಕದ ಪ್ರತಿನಿಧಿಯಾಗಿದ್ದ ಥಾಮಸ್ ಜೆಫರ್ಸನ್ ಅವರು ಒನೊರೆ ಬ್ಲಾಂ ಎಂಬ ಕುಶಲಕರ್ಮಿಯ ಕಾರ್ಯಾಗಾರಕ್ಕೆ ಹೋದರು. ಅಲ್ಲಿ 50 ಬಂದೂಕುಗಳ ಚಾಪಿನ ಭಾಗಗಳನ್ನು ಬಿಚ್ಚಿ ಬೇರೆಬೇರೆ ಖಾನೆಗಳಲ್ಲಿ ಇಟ್ಟಿದ್ದರು. ಜೆಫರ್ಸನ್ ಕೈಗೆ ಬಂದ ತುಂಡುಗಳನ್ನು ತೆಗೆದುಕೊಂಡು ತಾವೇ ಹಲವು ಚಾಪುಗಳನ್ನು ಜೋಡಿಸಿದರು. ಎಲ್ಲವೂ ಸರಿಯಾಗಿ ಕೂಡಿದವು. ಬೆರಗಾದ ಅವರು ಈ ವಿಷಯವನ್ನು ತಮ್ಮ ದೇಶಕ್ಕೆ ಪತ್ರ ಬರೆದು ತಿಳಿಸಿದರು.

ಮುಂದೆ ಅಮೆರಿಕದ ಸರಕಾರಿ ಬಂದೂಕು ಕಾರ್ಖಾನೆಗಳಲ್ಲಿ ಈ ವಿದ್ಯೆ ಬೆಳೆಯಿತು. ಅಲ್ಲಿ ಪಳಗಿದವರಲ್ಲಿ ಹೆನ್ರಿ ಲೀಲೆಂಡ್ ಒಬ್ಬರು. ಅವರು ಮುಂದೆ ಕ್ಯಾಡಿಲಾಕ್ ಕಾರಿನ ಕಂಪನಿಯನ್ನು ನಡೆಸಿದರು. 1908ರಲ್ಲಿ ಇಂಗ್ಲೆಂಡಿನ ರಾಯಲ್ ಆಟೊಮೊಬೈಲ್ ಕ್ಲಬ್ ಒಂದು ಕಠಿಣ ಪರೀಕ್ಷೆ ನಡೆಸಿತು. ಮೂರು ಕ್ಯಾಡಿಲಾಕ್ ಕಾರುಗಳನ್ನು ಪೂರ್ತಿ ಬಿಚ್ಚಿ, ಭಾಗಗಳನ್ನು ರಾಶಿ ಹಾಕಿ ಬೆರೆಸಿದರು. ಕೆಲವು ಭಾಗಗಳನ್ನು ತೆಗೆದು ಅಂಗಡಿಯ ಬಿಡಿಭಾಗಗಳನ್ನು ಸೇರಿಸಿದರು. ಮೆಕ್ಯಾನಿಕ್ಕುಗಳು ಆ ರಾಶಿಯಿಂದ ಮತ್ತೆ ಮೂರು ಕಾರು ಕಟ್ಟಿದರು. ಅವನ್ನು ಬ್ರೂಕ್‌ಲ್ಯಾಂಡ್ಸ್ ಪಥದಲ್ಲಿ 500 ಮೈಲು, ಅಂದರೆ ಸುಮಾರು 800 ಕಿಲೊಮೀಟರ್ ಓಡಿಸಲಾಯಿತು. ಮೂರೂ ಕಾರುಗಳು ಪರೀಕ್ಷೆಯಲ್ಲಿ ಗೆದ್ದವು, ಕಂಪನಿಗೆ ಡ್ಯೂವರ್ ಟ್ರೋಫಿ ಬಂತು. ಮರುವರ್ಷ, 1909ರಲ್ಲಿ, ಕ್ಯಾಡಿಲಾಕನ್ನು ಕೊಂಡದ್ದು ಜನರಲ್ ಮೋಟಾರ್ಸ್. ನಮ್ಮ ಪಿಕಪ್ಪಿನ ವಂಶ ಅಲ್ಲಿಗೆ ಮುಟ್ಟುತ್ತದೆ.

ಇದರ ಗುಟ್ಟು ಏನು? ಎರಡು ವಸ್ತುಗಳನ್ನು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಮಾಡುವುದು ಯಾರಿಗೂ ಸಾಧ್ಯವಿಲ್ಲ. ಆದರೆ ಎಷ್ಟು ವ್ಯತ್ಯಾಸ ಇದ್ದರೆ ನಡೆಯುತ್ತದೆ ಎಂದು ಮೊದಲೇ ಗೊತ್ತುಮಾಡಬಹುದು. ಅದಕ್ಕೆ ಎಂಜಿನಿಯರುಗಳು ಟಾಲರೆನ್ಸ್ ಎನ್ನುತ್ತಾರೆ. ನಾವು ಸಹ್ಯಮಿತಿ ಎನ್ನೋಣ. ಎಂಜಿನ್ನಿನ ಒಳಗೆ ಈ ಮಿತಿ ಮಿಲಿಮೀಟರಿನ ನೂರನೆಯ ಒಂದು ಭಾಗದ ಲೆಕ್ಕದಲ್ಲಿರುತ್ತದೆ. ಫೆಂಡರಿನಲ್ಲಿ ಅಷ್ಟು ಬಿಗಿ ಬೇಕಿಲ್ಲ. ಆದ್ದರಿಂದಲೇ ಅದರ ತೂತುಗಳನ್ನು ಬೋಲ್ಟಿಗಿಂತ ಸ್ವಲ್ಪ ದೊಡ್ಡದಾಗಿ, ಕೆಲವೊಮ್ಮೆ ಉದ್ದಕ್ಕೆ, ಕೊರೆದಿರುತ್ತಾರೆ. ಜೋಡಿಸುವವನು ಆಚೀಚೆ ಸರಿಸಿ, ಬೇಕಾದರೆ ಸಂದಿಗೆ ತೆಳುವಾದ ಬಿಲ್ಲೆ ಇಟ್ಟು ಸರಿದೂಗಿಸುತ್ತಾನೆ.

ನಮ್ಮ ನಾಡಿನಲ್ಲಿ ಇದಕ್ಕೆ ವಿರುದ್ಧವಾದ ಪದ್ಧತಿಯೊಂದು ಬಹುಕಾಲ ನಡೆದುಬಂದಿತು. ಲಾರಿಯ ಕಂಪನಿ ಬರಿಯ ಚಾಸಿಯನ್ನು ಕೊಡುತ್ತಿತ್ತು; ಕೋಣೆಯನ್ನೂ ತೊಟ್ಟಿಯನ್ನೂ ಬಾಡಿ ಕಟ್ಟುವ ಬಡಗಿಗಳು, ಟಿಂಕರಿಂಗ್ ಕೆಲಸದವರು ಮರ ಮತ್ತು ತಗಡಿನಿಂದ ಕಟ್ಟುತ್ತಿದ್ದರು. ಅಂಥ ಒಂದು ಲಾರಿಯ ಬಾಗಿಲು ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಆದರೆ ಕೆಟ್ಟರೆ ಯಾವ ಊರಿನಲ್ಲಾದರೂ ಬಡಿದು, ಬೆಸೆದು ಹೊಸದು ಮಾಡಿಕೊಡುವ ಕೈಗಳಿದ್ದವು. ಒಂದು ಪದ್ಧತಿಯಲ್ಲಿ ಜಾಣ್ಮೆ ಅಚ್ಚಿನೊಳಗಿದೆ, ಇನ್ನೊಂದರಲ್ಲಿ ಕೆಲಸಗಾರನ ಕೈಯಲ್ಲಿದೆ. ಯಾವುದು ಮೇಲು ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಡಬೇಡಿ. ಎರಡರ ಲಾಭನಷ್ಟವನ್ನೂ ಯೋಚಿಸಿ.

ಏಕೆಂದರೆ ಒಂದೇ ಅಚ್ಚಿನ ಪದ್ಧತಿಗೆ ಕತ್ತಲೆಯ ಮುಖವೂ ಇದೆ. ಹೊಂದುವ ಭಾಗಕ್ಕೆ ಗಿರಾಕಿ ಹೆಚ್ಚು. ಹಾಗಾಗಿ ಕದ್ದ ವಾಹನವನ್ನು ಬಿಡಿಬಿಡಿಯಾಗಿ ಮಾರುವುದು ಲಾಭದ ದಂಧೆಯಾಯಿತು. ಅದನ್ನು ತಡೆಯಲು ಅಮೆರಿಕದಲ್ಲಿ 1984ರ ಕಾನೂನೊಂದು ಹೆಚ್ಚಾಗಿ ಕಳವಾಗುವ ಕಾರುಗಳ ಮುಖ್ಯ ಭಾಗಗಳ ಮೇಲೆ ಗುರುತಿನ ಸಂಖ್ಯೆ ಹಾಕಬೇಕೆಂದು ವಿಧಿಸಿತು.

ಇನ್ನೊಂದು ಸಂಗತಿ ಇದಕ್ಕಿಂತ ಗಂಭೀರ. ಒಳ್ಳೆಯ ವಿನ್ಯಾಸ ಲಕ್ಷಾಂತರ ವಾಹನಗಳಲ್ಲಿ ಪುನರಾವರ್ತನೆಯಾಗುವಂತೆ ದೋಷವೂ ಆಗುತ್ತದೆ. 1973ರಿಂದ 1987ರವರೆಗಿನ ಇದೇ ಪಿಕಪ್ಪುಗಳಲ್ಲಿ ಇಂಧನದ ಟ್ಯಾಂಕ್ ಚಾಸಿಯ ಉಕ್ಕಿನ ತೊಲೆಯ ಹೊರಗಡೆ, ತೊಟ್ಟಿಯ ತಗಡಿನ ಒಳಮಗ್ಗುಲಲ್ಲಿ ಇತ್ತು. ಪಕ್ಕದಿಂದ ಬೇರೆ ವಾಹನ ಬಂದು ಬಡಿದಾಗ ಬೆಂಕಿ ಹೊತ್ತಿಕೊಂಡ ಪ್ರಕರಣಗಳ ಬಗ್ಗೆ 1992ರಲ್ಲಿ ಸರಕಾರದ ರಸ್ತೆ ಸುರಕ್ಷತಾ ಇಲಾಖೆ ತನಿಖೆ ಆರಂಭಿಸಿತು. 1993ರಲ್ಲಿ ವಾಹನಗಳನ್ನು ಹಿಂದಕ್ಕೆ ಕರೆಸಿಕೊಳ್ಳುವಂತೆ ಕೋರಿತು, ಕಂಪನಿ ಒಪ್ಪಲಿಲ್ಲ. 1994ರ ಡಿಸೆಂಬರಿನಲ್ಲಿ ಕಂಪನಿ ಸುರಕ್ಷತಾ ಕಾರ್ಯಕ್ರಮಗಳಿಗೆ ಐದು ಕೋಟಿ ಡಾಲರಿಗೂ ಹೆಚ್ಚು ಹಣ ಕೊಡುವ ಒಪ್ಪಂದದೊಡನೆ ಪ್ರಕರಣ ಮುಗಿಯಿತು. ವಾಹನಗಳು ರಸ್ತೆಯಲ್ಲೇ ಉಳಿದವು. ಆದ್ದರಿಂದ ಹಳೆಯ ಪಿಕಪ್ಪಿನ ತೊಟ್ಟಿಯನ್ನು ಬಿಚ್ಚುವವನು ತಗಡನ್ನಷ್ಟೇ ನೋಡಬಾರದು. ಅದರ ಹಿಂದಿರುವ ಟ್ಯಾಂಕು, ಕೊಳವೆ, ಪಟ್ಟಿಗಳನ್ನೂ ನೋಡಬೇಕು. ಹೊಂದುತ್ತದೆ ಎಂಬ ಮಾತಿಗೆ ಸುರಕ್ಷಿತ ಎಂಬ ಅರ್ಥವಿಲ್ಲ.

ಇಷ್ಟೆಲ್ಲ ಶ್ರಮ ಏಕೆ, ಹೊಸ ವಾಹನ ಕೊಂಡರಾಯಿತಲ್ಲ ಎಂದು ನೀವು ಕೇಳಬಹುದು. ಸಾಲ ಮಾಡಿ ಹೊಸದು ಕೊಳ್ಳಲಾಗದ ರೈತ, ಬಡಗಿ, ಕೊಳಾಯಿ ಕೆಲಸದವನು ಎಲ್ಲ ದೇಶಗಳಲ್ಲೂ ಇದ್ದಾರೆ. ಅವರಿಗೆ ವಾಹನ ನಿಂತರೆ ದುಡಿಮೆ ನಿಂತಂತೆ. ತಪ್ಪು ಭಾಗ ತಂದರೆ ಹಣ ಮತ್ತು ಒಂದು ದಿನದ ಕೂಲಿ ಎರಡೂ ಹೋದಂತೆ. ಇನ್ನು ಭೂಮಿಯ ಲೆಕ್ಕ: ಅದಿರಿನಿಂದ ಒಂದು ಟನ್ ಉಕ್ಕು ಮಾಡಿದರೆ ಸುಮಾರು ಎರಡು ಟನ್ ಇಂಗಾಲದ ಡೈ ಆಕ್ಸೈಡ್ ಗಾಳಿಗೆ ಸೇರುತ್ತದೆ. ಈಗಾಗಲೇ ಅಚ್ಚಿಗೆ ಬಿದ್ದು ರೂಪ ತಳೆದ ತಗಡನ್ನು ಮತ್ತೆ ಬಳಸಿದಾಗ ಆ ಹೊರೆ ಅಷ್ಟರಮಟ್ಟಿಗೆ ತಪ್ಪುತ್ತದೆ.

ಕೊನೆಯಲ್ಲಿ ನಿಮಗೊಂದು ಕೆಲಸ. ನಿಮ್ಮ ಊರಿನ ಸೈಕಲ್ ಅಂಗಡಿಗೆ ಒಂದು ನೋಟುಬುಕ್ಕು, ಒಂದು ಅಳತೆಪಟ್ಟಿ ಹಿಡಿದುಕೊಂಡು ಹೋಗಿ. ಎರಡು ಬೇರೆ ಕಂಪನಿಯ ಸೈಕಲ್ಲುಗಳನ್ನು ಆರಿಸಿಕೊಳ್ಳಿ. ಚೈನು, ಪೆಡಲು, ಟೈರು, ಮಡ್‌ಗಾರ್ಡು, ಸೀಟಿನ ಕಂಬ, ಇವುಗಳಲ್ಲಿ ಯಾವುದು ಹಾಗೆಯೇ ಹೊಂದುತ್ತದೆ, ಯಾವುದು ಬದಲಾವಣೆಯೊಡನೆ ಹೊಂದುತ್ತದೆ, ಯಾವುದು ಜೊತೆಯಾಗಿ ಮಾತ್ರ ಹೊಂದುತ್ತದೆ, ಯಾವುದು ಹೊಂದುವಂತೆ ಕಂಡು ಮೋಸ ಮಾಡುತ್ತದೆ ಎಂದು ನಾಲ್ಕು ಕಾಲಂ ಮಾಡಿ ಬರೆಯಿರಿ. ಮೊದಲು ನಿಮ್ಮ ಊಹೆಯನ್ನು ಬರೆಯಿರಿ, ಆಮೇಲೆ ಅಳೆಯಿರಿ. ಊಹೆಗೂ ಅಳತೆಗೂ ಎಲ್ಲಿ ಜಗಳ ಬರುತ್ತದೋ ಅಲ್ಲಿ ಅಂಗಡಿಯ ಮೇಸ್ತ್ರಿಯನ್ನು ಕೇಳಿ. ಪುಸ್ತಕದಲ್ಲಿ ಇಲ್ಲದ ಎಷ್ಟೋ ಸಂಗತಿಗಳು ಅವರ ಬೆರಳ ತುದಿಯಲ್ಲಿರುತ್ತವೆ.